ಹಣೆಯಲ್ಲೇ ನಿಂತ ಕೈ

ಮಕ್ಕಳೇ, ಹೋದ ತಿಂಗಳು ಸೊರಬದ ಕಡೆಯ ನಿಮ್ಮ ಮನೆಗೆ ಬಂದಿದ್ದಾಗ, ಆಶಾ ಕಾರ್ಯಕರ್ತೆ ಕೊಟ್ಟುಹೋದ ಎಣ್ಣೆಯ ಬಾಟಲಿಯ ಮುಚ್ಚಳವನ್ನು ಆನ್ಸಿ ತೆಗೆದಳು. ಕಾಡಿಗೆ ಹೋಗುವವರು ಉಣುಗು ಕಚ್ಚದಿರಲೆಂದು ಕೈಕಾಲಿಗೆ ಸವರಿಕೊಳ್ಳುವ ಎಣ್ಣೆ ಅದು. ಅದರ ವಾಸನೆ ಅಡುಗೆಮನೆಗೆ ಬಂದದ್ದೇ ತಡ, ನಾನು ಹೆಚ್ಚುತ್ತಿದ್ದ ಸೌತೆಕಾಯಿಯನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಹೋದೆ. ಅಜ್ಜಿಗೆ ಆ ವಾಸನೆ ಆಗುವುದಿಲ್ಲ ಅಂದುಕೊಂಡು ನೀವು ಸುಮ್ಮನಾದಿರಿ.

ಮಾರನೆಯ ದಿನ ಭಾನುವಾರ. ಚರ್ಚಿನಲ್ಲಿ ಜೋಯಲ್ ನನ್ನನ್ನು ಮೊಣಕೈಯಿಂದ ತಿವಿದು ಪಿಸುಗುಟ್ಟಿದ. "ಅಜ್ಜಿ, ನಾನು ಶಿಲುಬೆ ಗುರುತು ಹಾಕುವಾಗೆಲ್ಲ ನನ್ ಕೈನೇ ಯಾಕೆ ದಿಟ್ಟಿಸ್ತೀಯ? ಹಿಂದಿನ ಬೆಂಚಿನವರು ನಗ್ತಾರೆ."

ಹಿತ್ತಲಿಗೆ ಹೋದದ್ದಕ್ಕೂ ಕೈ ದಿಟ್ಟಿಸುವುದಕ್ಕೂ ಕಾರಣ ಒಂದೇ. ಅದನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನರ ಎದುರು ಮಾತಾಡಬೇಕೆಂದರೆ ನಾಲಿಗೆ ಒಣಗುತ್ತದೆ, ನಿಮಗೆ ಗೊತ್ತೇ ಇದೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತದ್ದರಲ್ಲಿ ಬರೆಯುತ್ತೇನೆ. ಆನ್ಸಿಗೆ ಆ ವರ್ಷ ಸ್ವಲ್ಪ ನೆನಪಿರಬಹುದು. ಜೋಯಲ್ ಆಗ ಅಂಬೆಗಾಲಿಡುತ್ತಿದ್ದ.

ಮೊದಲು ಆ ಗುರುತಿನ ವಿಷಯ. ನನಗೆ ಅದನ್ನು ಕಲಿಸಿದವರು ನಮ್ಮೂರಿನ ಉಪದೇಶಿ ರಾಯಪ್ಪನವರು. ಫಾದರ್ ಅಪರೂಪಕ್ಕೆ ಬರುತ್ತಿದ್ದ ಊರು ಅದು. ಉಳಿದ ದಿನಗಳಲ್ಲಿ ಜಪ ಮಾಡಿಸುವುದು, ಮಕ್ಕಳಿಗೆ ಧರ್ಮ ಕಲಿಸುವುದು ಉಪದೇಶಿಯ ಕೆಲಸ. ಅವರು ನಮ್ಮನ್ನು ಸಾಲಾಗಿ ನಿಲ್ಲಿಸಿ, ಬಲಗೈಯ ಐದು ಬೆರಳನ್ನೂ ಬಿಡಿಸಿ ತೋರಿಸಿ ಅನ್ನುತ್ತಿದ್ದರು. ಐದು ಬೆರಳು ಅಂದರೆ ಯೇಸುಸ್ವಾಮಿಯ ಐದು ಗಾಯ. 'ಪಿತನ' ಅಂದಾಗ ಹಣೆ ಮುಟ್ಟಬೇಕು, ಯೋಚನೆಯೆಲ್ಲ ದೇವರದ್ದಾಗಲಿ ಅಂತ. 'ಸುತನ' ಅಂದಾಗ ಎದೆ ಮುಟ್ಟಬೇಕು, ಪ್ರೀತಿ ದೇವರದ್ದಾಗಲಿ ಅಂತ. 'ಪವಿತ್ರಾತ್ಮರ' ಅಂದಾಗ ಎಡ ಹೆಗಲು, ಆಮೇಲೆ ಬಲ ಹೆಗಲು. ಹೆಗಲು ಭಾರ ಹೊರುವ ಜಾಗ, ಹೊರುವ ಭಾರವೂ ದೇವರದ್ದೇ. 'ನಾಮದಲ್ಲಿ, ಆಮೆನ್.' ಎಡದಿಂದ ಬಲಕ್ಕೆ ಯಾಕೆ ಅಂತ ಯಾರೋ ಕೇಳಿದಾಗ, ಕಷ್ಟದಿಂದ ಸುಖಕ್ಕೆ ದಾಟಿಸಿದ್ದಕ್ಕೆ ಅಂದಿದ್ದರು. ನಡುವೆ ಎಲ್ಲೂ ನಿಲ್ಲಬಾರದು, ಹೊಳೆಯ ನಡುವೆ ದೋಣಿ ಬಿಟ್ಟುಬಿಟ್ಟ ಹಾಗಾಗುತ್ತದೆ ಅನ್ನುತ್ತಿದ್ದರು. ಆ ಕೊನೆಯ ಮಾತು ನನ್ನ ತಲೆಯಲ್ಲಿ ಎಲ್ಲೋ ಉಳಿದಿತ್ತು.

ಕಲಿತದ್ದೇನೋ ಸರಿ, ಆದರೆ ಜನರ ಎದುರು ಹಾಕಲು ನನಗೆ ನಾಚಿಕೆ. ಶಿಕಾರಿಪುರಕ್ಕೆ ಮದುವೆಯಾಗಿ ಬಂದ ಮೇಲೆ, ಬಸ್ಸಿನಲ್ಲಿ ಚರ್ಚಿನ ಮುಂದೆ ಹಾದುಹೋಗುವಾಗ, ಸೆರಗಿನೊಳಗೆ ಕೈಯಿಟ್ಟು ಹೆಬ್ಬೆರಳಿನಿಂದ ಅಂಗೈ ಮೇಲೆ ಸಣ್ಣ ಗೀಟು ಎಳೆದುಕೊಳ್ಳುತ್ತಿದ್ದೆ. ಅಕ್ಕಿ ಗಿರಣಿಯಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ ನಿಮ್ಮ ತಾತ ಪಕ್ಕದಲ್ಲಿದ್ದರೆ ನಗುತ್ತಿದ್ದರು. "ದೇವ್ರಿಗೆ ಲಂಚ ಕೊಡ್ತಿದೀಯೇನೇ, ಹಂಗೆ ಸೆರಗಿನೊಳಗೆ ಮುಚ್ಚಿಟ್ಟು?" ಅನ್ನುತ್ತಿದ್ದರು.

ತಾತ ತೀರಿಕೊಂಡ ಮಳೆಗಾಲ ಕಳೆದು ಬಂದ ವರ್ಷದ ವಿಷಯ ನಾನು ಬರೆಯುತ್ತಿರುವುದು. ಒಬ್ಬಳೇ ಇರಬೇಡ ಬಾ ಎಂದು ನಿಮ್ಮಮ್ಮ ಸ್ಟೆಲ್ಲಾ ಕ್ರಿಸ್ಮಸ್ಸಿಗೆ ಕರೆಸಿಕೊಂಡವಳು ನನ್ನನ್ನು ವಾಪಸು ಕಳಿಸಲೇ ಇಲ್ಲ. ಕಾಡಿನ ಅಂಚಿನ ಮನೆ. ನಿಮ್ಮಪ್ಪ ಪೀಟರ್ ಗಾರೆ ಕೆಲಸಕ್ಕೆ ಊರೂರು ಹೋಗುತ್ತಿದ್ದರು. ಸ್ಟೆಲ್ಲಾಗೆ ಎರಡು ಹಸು, ಕೂಸು, ಮನೆ. ಬಿಸಿಲು ಶುರುವಾದ ಮೇಲೆ ಅಲ್ಲಿಯ ಹೆಂಗಸರೆಲ್ಲ ಕಾಡಿಗೆ ಹೋಗಿ ಒಣಗಿದ ಎಲೆ ಗುಡಿಸಿ ತರುತ್ತಾರೆ. ಅದನ್ನು ಕೊಟ್ಟಿಗೆಯಲ್ಲಿ ಹಸುವಿನ ಕಾಲಡಿ ಹಾಸಿದರೆ ಮುಂದೆ ಗೊಬ್ಬರ. ಸ್ಟೆಲ್ಲಾ ಪಕ್ಕದ ಮನೆಯ ಗಾಮಕ್ಕನ ಜೊತೆ ಹೋಗಿ, ತಲೆಯ ಮೇಲೆ ಆಳೆತ್ತರದ ಎಲೆಯ ಹೊರೆ ಹೊತ್ತು ಬರುತ್ತಿದ್ದಳು.

ಒಂದು ಬೆಳಿಗ್ಗೆ ಗಾಮಕ್ಕ ಬೇಲಿಯ ಆಚೆಯಿಂದಲೇ ಹೇಳಿದರು. "ಸ್ಟೆಲ್ಲಾ, ಇವತ್ತು ಬ್ಯಾಡ ಕಣೆ. ಕೆರೆ ಮೇಲಿನ ಕಾಡಲ್ಲಿ ಮಂಗ ಸತ್ತು ಬಿದ್ದದಂತೆ."

ಆ ಊರಿನಲ್ಲಿ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮಂಗನ ಕಾಯಿಲೆ ಅಂದರೆ ಸೊರಬದ ಸೀಮೆಯವರಿಗೆ ಅಜ್ಜಂದಿರ ಕಾಲದಿಂದ ಗೊತ್ತು. ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಎಲೆಯ ಮೇಲೆ ಇಳಿಯುತ್ತದೆ, ಎಲೆ ನಮ್ಮ ತಲೆಯ ಮೇಲೆ ಬರುತ್ತದೆ. ಆರೋಗ್ಯ ಇಲಾಖೆಯವರು ಬಂದು ಆ ಜಾಗದ ಸುತ್ತ ಪುಡಿ ಹೊಡೆದು, ಮನೆಮನೆಗೆ ಎಣ್ಣೆ ಕೊಟ್ಟು ಹೋದರು. ಸ್ಟೆಲ್ಲಾ ದಿನವೂ ಎಣ್ಣೆ ಹಚ್ಚಿಕೊಂಡಳು. ಮನೆಯ ಹಾಸಿಗೆ, ಬಾಗಿಲ ಚಿಲಕ, ಜೋಯಲ್‌ನ ಕೂದಲು, ಎಲ್ಲದಕ್ಕೂ ಆ ವಾಸನೆ. ಆದರೆ ಮಂಗ ಕಣ್ಣಿಗೆ ಬೀಳುವ ಮೊದಲೇ ತಂದ ಎಲೆ ಕೊಟ್ಟಿಗೆಯಲ್ಲಿ ರಾಶಿ ಬಿದ್ದಿತ್ತು.

ಆಗ ತಪಸ್ಸುಕಾಲ, ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ನಲವತ್ತು ದಿನದ ಉಪವಾಸ. ವಿಭೂತಿ ಬುಧವಾರದಿಂದಲೇ ಸ್ಟೆಲ್ಲಾ ಮಾಂಸ ಬಿಟ್ಟು, ಶುಕ್ರವಾರಗಳಂದು ಒಂದೇ ಹೊತ್ತು ಉಣ್ಣುತ್ತಿದ್ದಳು. ಅಪ್ಪನ ಆತ್ಮಕ್ಕೆ ಅಂತ ಈ ಸಲ ಇನ್ನೂ ಕಟ್ಟುನಿಟ್ಟು. ಹಾಗಾಗಿ ಒಂದು ಶುಕ್ರವಾರ ತಲೆನೋವು, ಸೊಂಟನೋವು ಅಂತ ಗೋಡೆಗೆ ಒರಗಿ ಕೂತಾಗ ಯಾರಿಗೂ ಬೇರೆ ಯೋಚನೆ ಬರಲಿಲ್ಲ. ಉಪವಾಸದ ಸುಸ್ತು ಅಂದರು ಪೀಟರ್. ನಮ್ಮ ಬೀದಿಯ ಇನ್ನೂ ಒಬ್ಬಿಬ್ಬರು ಹೆಂಗಸರು ಹಾಗೇ ಅಂದರು, ಅವರಿಗೂ ಉಪವಾಸದಲ್ಲಿ ತಲೆ ನೋಯುತ್ತಿತ್ತು. ಗಂಜಿ ಕುಡಿಸಿದೆವು. ಸಂಜೆಗೆ ಮೈ ಸುಡತೊಡಗಿತು. ಗಾಮಕ್ಕ ಬಂದು ಕಣ್ಣ ರೆಪ್ಪೆ ಎಳೆದು ನೋಡಿ, ಒಳಗೆ ಕೆಂಡದಂತೆ ಕೆಂಪಾಗಿದ್ದು ಕಂಡು, "ಇದು ನಿಮ್ ಉಪ್ವಾಸ ಅಲ್ಲ ಮಾರಾಯ್ರೆ, ಮೊದ್ಲು ಆಸ್ಪತ್ರೆಗೆ ಹೋಗಿ" ಅಂದರು.

ಸೊರಬದ ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಗಾಮಕ್ಕ ಹೆದರಿದ್ದೇ ನಿಜವಾಯಿತು, ಮಂಗನ ಕಾಯಿಲೆ. ಇದಕ್ಕೆಂದೇ ಬೇರೆ ಮದ್ದಿಲ್ಲ, ಮೈಯಲ್ಲಿ ನೀರು ಆರದಂತೆ ನೋಡಿಕೊಳ್ಳಬೇಕು, ಜ್ವರ ತಾನಾಗಿ ಇಳಿಯಬೇಕು ಅಂದರು. ಇಳಿಯಿತು ಕೂಡ. ನಾನು ಅಷ್ಟೂ ದಿನ ಮಂಚದ ಪಕ್ಕ ಕೂತು, ಜಪಸರ ಹಿಡಿದು, ಅವಳ ಹಣೆಗೆ ಹೆಬ್ಬೆರಳಿನಿಂದ ಶಿಲುಬೆ ಎಳೆದದ್ದೇ ಎಳೆದದ್ದು. ಜ್ವರ ಬಿಟ್ಟಿತು ಅಂದಾಗ ಮನೆಗೆ ಕರೆತಂದೆವು. ಕೊಟ್ಟಿಗೆಯ ಎಲೆಯನ್ನೆಲ್ಲ ಪೀಟರ್ ಸುಟ್ಟರು. ಕೆಲವರಿಗೆ ಜ್ವರ ಬಿಟ್ಟು ಮತ್ತೆ ಬರುತ್ತದೆ, ತಲೆಗೆ ಏರುತ್ತದೆ, ಎಚ್ಚರವಿರಲಿ ಎಂದು ಡಾಕ್ಟರಮ್ಮ ಹೇಳಿದ್ದರು. ಸ್ಟೆಲ್ಲಾ ಜೋಯಲ್‌ನನ್ನು ಸೊಂಟಕ್ಕೆ ಎತ್ತಿಕೊಂಡು ಓಡಾಡಿದ್ದು ನೋಡಿ ಉಳಿದವರು ಆ ಮಾತು ಮರೆತರು. ನಾನು ಮರೆಯಲಿಲ್ಲ. ಅವಳು ಪಾತ್ರೆ ಕೆಳಗಿಟ್ಟ ಸದ್ದಾದರೂ ತಿರುಗಿ ನೋಡುತ್ತಿದ್ದೆ.

ಗರಿಗಳ ಭಾನುವಾರ ಬಂತು. ಎಲ್ಲರೂ ತೆಂಗಿನ ಗರಿ ಹಿಡಿದು ಮೆರವಣಿಗೆಯಲ್ಲಿ ಚರ್ಚಿಗೆ ಹೋದೆವು. ಸ್ಟೆಲ್ಲಾ ನನ್ನ ಪಕ್ಕದಲ್ಲಿ ನಿಂತಿದ್ದಳು, ಮುಖ ಸ್ವಲ್ಪ ಬಿಳಿಚಿಕೊಂಡಿತ್ತು. ಕೊನೆಯ ಆಶೀರ್ವಾದಕ್ಕೆ ಫಾದರ್ ಕೈ ಎತ್ತಿದರು, ಎಲ್ಲರೂ ಗುರುತು ಹಾಕಿದೆವು. ಸ್ಟೆಲ್ಲಾಳ ಕೈ ಹಣೆಗೆ ಹೋಯಿತು. ಅಲ್ಲೇ ನಿಂತಿತು. ಬೆರಳುಗಳು ಸಣ್ಣಗೆ ನಡುಗುತ್ತ ಹಣೆಯನ್ನು ಮತ್ತೆ ಮುಟ್ಟಿದವು, ಮತ್ತೆ ಮುಟ್ಟಿದವು. ಎದೆಗೆ ಇಳಿಯುವ ದಾರಿ ಅವಕ್ಕೆ ಸಿಗುತ್ತಿರಲಿಲ್ಲ. ಜನರೆಲ್ಲ ಹಾಡು ಶುರುಮಾಡಿದರೂ ಅವಳ ಕೈ ಹಣೆಯಲ್ಲೇ. ಮುಂದಿನ ಬೆಂಚಿನ ಹೆಂಗಸು ತಿರುಗಿ ನೋಡಿ ನನಗೆ ಮೆಲ್ಲಗೆ ಅಂದಳು, "ಎಂಥ ಭಕ್ತಿ ನೋಡಿ ನಿಮ್ ಮಗಳದ್ದು."

ನನಗೆ ಅದು ಭಕ್ತಿ ಅನ್ನಿಸಲಿಲ್ಲ. ಅವಳ ಕೈಯನ್ನು ಹಿಡಿದು ಕೆಳಗಿಳಿಸಿದೆ. ಅದು ತಣ್ಣಗಿತ್ತು. "ಏನಾಯ್ತೇ?" ಅಂದೆ. ಅವಳು ನನ್ನನ್ನು ನೋಡಿ, "ಗರಿ ಯಾರದ್ದು?" ಅಂದಳು. ಗರಿ ಅವಳದ್ದೇ ಕೈಯಲ್ಲಿತ್ತು.

ಮನೆ ಮುಟ್ಟುವಷ್ಟರಲ್ಲಿ ಜ್ವರ ಬಂತು. ಮತ್ತೆ ಸೊರಬದ ಆಸ್ಪತ್ರೆ. ಡಾಕ್ಟರಮ್ಮ ಪೀಟರನ್ನು ಕೇಳಿದರು, ಜ್ವರವೊಂದನ್ನು ಬಿಟ್ಟರೆ ಮಾತು, ನಡಿಗೆ, ಕೈಕಾಲು ಎಲ್ಲ ಸರಿ ಇದೆಯೇ ಎಂದು. ಪೀಟರ್ ಎಲ್ಲ ಸರಿ ಇದೆ ಅಂದರು, ಚರ್ಚಿನಲ್ಲಿ ಅವರು ಗಂಡಸರ ಸಾಲಿನಲ್ಲಿದ್ದವರು, ಏನೂ ನೋಡಿರಲಿಲ್ಲ. ಹಿಂದೆ ನಿಂತಿದ್ದ ನಾನು, "ಇಲ್ಲ" ಅಂದೆ. ಅಳಿಯನ ಮಾತಿಗೆ ನಾನು ಎದುರು ಹೇಳಿದ್ದು ಅದೇ ಮೊದಲು.

"ಏನು ಕಂಡ್ರಿ ಅಮ್ಮ, ಹೇಳಿ" ಅಂದರು ಡಾಕ್ಟರಮ್ಮ.

ಅವರು ನಮ್ಮ ಧರ್ಮದವರಲ್ಲ, ಏನಂತ ಹೇಳಲಿ. ಸುತ್ತ ಬೇರೆ ರೋಗಿಗಳು, ಅವರ ಮನೆಯವರು, ಚೀಟಿ ಹಿಡಿದು ನಿಂತವರು. ಸೆರಗಿನೊಳಗೆ ಮುಚ್ಚಿಟ್ಟೇ ವರ್ಷಗಳನ್ನು ಕಳೆದ ಕೈಯನ್ನು ನಾನು ಹೊರತೆಗೆದು, ಎಲ್ಲರ ಎದುರು ಹಣೆಗೆ ಮುಟ್ಟಿಸಿ ಅಲ್ಲೇ ಹಿಡಿದೆ. "ಇಲ್ಲಿಗೆ ಬಂದು ನಿಂತೋಯ್ತು ಮೇಡಂ. ಮುಂದಕ್ಕೆ ಬರ್ಲಿಲ್ಲ."

"ಮುಂದೆ ಎಲ್ಲಿಗೆ ಬರ್ಬೇಕಿತ್ತು?"

ನಾನು ಪೂರ್ತಿ ಹಾಕಿ ತೋರಿಸಿದೆ. ಹಣೆ, ಎದೆ, ಎಡ ಹೆಗಲು, ಬಲ ಹೆಗಲು. ಅವರು ಗಮನವಿಟ್ಟು ನೋಡಿದರು. ಸ್ಟೆಲ್ಲಾ ಕಡೆ ತಿರುಗಿ, ಅಮ್ಮ ಮಾಡಿದ ಹಾಗೆ ಮಾಡು ನೋಡೋಣ ಅಂದರು. ಸ್ಟೆಲ್ಲಾ ಕೈ ಎತ್ತಿದಳು, ಹಣೆ ಮುಟ್ಟಿದಳು, ಆಮೇಲೆ ಆ ಕೈಯನ್ನು ಕಣ್ಣ ಮುಂದೆ ತಂದು, ಬೇರೆ ಯಾರದ್ದೋ ಕೈ ಎಂಬಂತೆ ನೋಡಿದಳು. ಡಾಕ್ಟರಮ್ಮನ ಮುಖ ಬದಲಾಯಿತು. ತಕ್ಷಣ ಶಿವಮೊಗ್ಗಕ್ಕೆ ಅಂದರು.

ಅಂಬುಲೆನ್ಸು ಶಿಕಾರಿಪುರದ ಮೇಲೆಯೇ ಹೋಗಬೇಕು. ಶಿಕಾರಿಪುರದಲ್ಲಿ ನನ್ನ ಪಕ್ಕದ ಮನೆ ಜರೀನಾಳದ್ದು. ಅವಳು ಹೊಲಿಗೆ ಮಾಡುತ್ತಾಳೆ, ಅವಳ ಗಂಡ ಸಂತೆಗಳಲ್ಲಿ ಬಳೆ ಮಾರುತ್ತಾನೆ. ಫೋನು ಮಾಡಿದ್ದೆ, ರಸ್ತೆಯ ಪಕ್ಕ ಕಾದಿದ್ದಳು. ನಮ್ಮ ಜೊತೆಯೇ ಬಂದಿದ್ದ ನಿಮ್ಮಿಬ್ಬರನ್ನೂ ಗಾಡಿಯ ಬಾಗಿಲಲ್ಲೇ ಅವಳ ಕೈಗೆ ಕೊಟ್ಟೆ. ಜೋಯಲ್‌ಗೆ ಇನ್ನೂ ಎದೆಹಾಲು ಬಿಡಿಸಿರಲಿಲ್ಲ, ಕಿರುಚಿಕೊಂಡ. "ನೀವು ಹೋಗ್ರಿ ಅಕ್ಕ. ರಾಗಿ ಮಣ್ಣಿ ತಿನ್ನದ ಮಗೂನ ನಾನು ಇನ್ನೂ ನೋಡಿಲ್ಲ" ಅಂದಳು. ಗಾಡಿಯೊಳಗೆ ಮಾತ್ರ ಇಣುಕಲಿಲ್ಲ.

ಶಿವಮೊಗ್ಗದ ದಿನಗಳನ್ನು ನಾನು ಹೆಚ್ಚು ಬರೆಯಲಾರೆ. ಗಾಜಿನ ಬಾಗಿಲಿನ ಈಚೆ ಕಲ್ಲಿನ ಬೆಂಚು. ಒಳಗೆ ನಿಮ್ಮಮ್ಮ ಕೊಳವೆಗಳ ನಡುವೆ. ಆ ವರ್ಷದ ಶುಭ ಶುಕ್ರವಾರ, ಪಾಸ್ಕ ಹಬ್ಬ, ಎರಡೂ ಆ ಬೆಂಚಿನ ಮೇಲೆಯೇ ಕಳೆದವು. ಬಾಗಿಲು ತೆರೆದು ನರ್ಸ್ ಹೊರಗೆ ಬಂದಾಗಲೆಲ್ಲ ನಾನೂ ಪೀಟರೂ ಎದ್ದು ನಿಲ್ಲುತ್ತಿದ್ದೆವು, ಅವರು ಬೇರೆ ಯಾರನ್ನೋ ಕರೆದಾಗ ಕೂರುತ್ತಿದ್ದೆವು. ನಾನು ಆ ಬೆಂಚಿನ ಮೇಲೆ ಗುರುತು ಹಾಕಲಿಲ್ಲ, ನಿಜ ಹೇಳುತ್ತೇನೆ. ನನ್ನ ಕೈಯೂ ನಡುವೆ ನಿಂತುಬಿಟ್ಟರೆ ಎಂಬ ಹೆದರಿಕೆ.

ಜೀವ ಉಳಿಯಿತು. ಆದರೆ ಬುದ್ಧಿ ಎಷ್ಟು ವಾಪಸು ಬರುತ್ತದೆ, ಕಾದು ನೋಡಬೇಕು ಅಂದರು. ಕಾಡಿನ ಹತ್ತಿರದ ಮನೆಗೆ ಹೋಗುವುದು ಬೇಡವೆಂದು ಶಿಕಾರಿಪುರದ ನನ್ನ ಮನೆಗೆ ಕರೆತಂದೆವು. ಗುಡುಗಿನ ಕಾಲ ಶುರುವಾಗಿತ್ತು, ಮಧ್ಯಾಹ್ನಕ್ಕೆ ಮೋಡ ಕಟ್ಟಿ ಸೆಕೆ. ಸ್ಟೆಲ್ಲಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ತಿನ್ನಿಸಿದರೆ ತಿನ್ನುವಳು. ಕೆಲವೊಮ್ಮೆ ಸುಮ್ಮನೆ ನಗುವಳು. ಆ ನಗುವಿಗೆ ನಾನು ಹೆದರಿದಷ್ಟು ಜ್ವರಕ್ಕೂ ಹೆದರಿರಲಿಲ್ಲ. ಒಂದು ದಿನ ಆನ್ಸಿ ನೀರಿನ ಲೋಟ ತಂದುಕೊಟ್ಟಾಗ ಅವಳ ಮುಖ ನೋಡಿ ಸ್ಟೆಲ್ಲಾ ನನ್ನನ್ನು ಕೇಳಿದಳು, "ಯಾರ ಮನೆ ಹುಡುಗಿ ಇದು?"

ಆನ್ಸಿ, ಇದು ನಿನಗೆ ನೆನಪಿದೆಯೋ ಇಲ್ಲವೋ. ನೀನು ಲೋಟ ಕೆಳಗಿಟ್ಟು ಜರೀನಾಳ ಮನೆಗೆ ಓಡಿಹೋದೆ. ಆಮೇಲೆ ನಮ್ಮ ಹೊಸಿಲು ದಾಟಿ ಒಳಗೆ ಬರಲಿಲ್ಲ. ಅಲ್ಲೇ ಉಣ್ಣುತ್ತಿದ್ದೆ, ಅಲ್ಲೇ ಮಲಗುತ್ತಿದ್ದೆ. ಕರೆಯಲು ಬಂದರೆ ಹೊಲಿಗೆ ಮಷೀನಿನ ಹಿಂದೆ ಅಡಗುತ್ತಿದ್ದೆ.

ನಾನು ದಿನಾ ಬೆಳಿಗ್ಗೆ ಸ್ಟೆಲ್ಲಾಳ ಮುಖ ತೊಳೆಸಿ, ಎದುರು ಕೂತು, ಅವಳ ಬಲಗೈ ಹಿಡಿದು 'ಪಿತನ' ಎಂದು ಶುರುಮಾಡುತ್ತಿದ್ದೆ. ಹಣೆಗೆ ಮುಟ್ಟಿಸಿ, ಎದೆಗೆ ತಂದು, ಹೆಗಲುಗಳಿಗೆ ಒಯ್ದು ಮುಗಿಸುತ್ತಿದ್ದೆ. ಬಿಟ್ಟರೆ ಹಣೆಯಲ್ಲೇ ನಿಲ್ಲುತ್ತಿತ್ತು. ಹೊಳೆಯ ನಡುವಿನ ದೋಣಿ ನೆನಪಾಗಿ ಮತ್ತೆ ಕೈ ಹಿಡಿಯುತ್ತಿದ್ದೆ. ಫಾದರ್ ನೋಡಲು ಬಂದಾಗ, ಅರ್ಧಕ್ಕೆ ನಿಂತ ಗುರುತು ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದೆ. ಕೈ ಎತ್ತಲಾರದವರ ಗುರುತೂ ದೇವರಿಗೆ ಗೊತ್ತಾಗುತ್ತದೆ ಅಮ್ಮ ಅಂದರು. ಒಳ್ಳೆಯವರು. ದೇವರಿಗೆ ಗೊತ್ತಾಗುತ್ತದೆ ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ. ನನಗೆ ಗೊತ್ತಾಗಬೇಕಿತ್ತು, ನನ್ನ ಮಗಳು ಒಳಗೆ ಇದ್ದಾಳೋ ಇಲ್ಲವೋ ಎಂದು.

ಒಂದು ಬೆಳಿಗ್ಗೆ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಜರೀನಾ ಒಳಗೆ ಬಂದಳು. ತಮ್ಮಲ್ಲಿ ದುವಾ ಮುಗಿದ ಮೇಲೆ ಎರಡೂ ಅಂಗೈಯಿಂದ ಮುಖ ಸವರಿಕೊಳ್ಳುತ್ತಾರೆ, ತನ್ನ ಚಿಕ್ಕ ಮಗನಿಗೆ ಅದನ್ನು ಯಾರೂ ಕೈ ಹಿಡಿದು ಕಲಿಸಲಿಲ್ಲ, ನೋಡಿ ನೋಡಿ ಕಲಿತ ಅಂದಳು. ಆಮೇಲೆ ನನ್ನ ಕೈ ಬಿಡಿಸಿದಳು. "ನೀವು ಹಿಡ್ಕೊಂಡಿದ್ರೆ ಅವಳ ಕೈಗೆ ಕೆಲ್ಸ ಎಲ್ಲೈತೆ ಅಕ್ಕ? ಬಿಡ್ರಿ. ನೀವು ಹಾಕ್ಕೊಳ್ರಿ, ಅವಳು ನೋಡ್ಲಿ. ಪರೀಕ್ಷೆ ಮಾಡೋ ಮೇಷ್ಟ್ರ ಥರ ಕೂರಬ್ಯಾಡ್ರಿ, ನನಗೇ ಹೆದ್ರಿಕೆ ಆಗ್ತದೆ ನಿಮ್ ಮುಖ ನೋಡಿದ್ರೆ."

ಬಿಟ್ಟೆ. ಆದರೆ ನೋಡುವುದನ್ನು ಬಿಡಲಾಗಲಿಲ್ಲ. ಬಟ್ಟೆ ಮಡಚುತ್ತ, ಅಕ್ಕಿ ಆರಿಸುತ್ತ, ಕಣ್ಣಂಚಿನಲ್ಲಿ ಅವಳ ಕೈಯನ್ನೇ ಕಾಯುತ್ತಿದ್ದೆ. ಒಮ್ಮೆ ಹಣೆಯಿಂದ ನೇರ ಹೆಗಲಿಗೆ ಹಾರಿತು. ಒಮ್ಮೆ ಎದೆಯವರೆಗೆ ಬಂದು ಸೆರಗಿನ ನೂಲು ಕೀಳತೊಡಗಿತು. ಹಿಗ್ಗಲೂ ಧೈರ್ಯ ಇಲ್ಲ. ಒಳ್ಳೆಯದಾಗಿದೆ ಅಂತ ನಂಬಿದ ಮೇಲೆಯೇ ಗರಿಗಳ ಭಾನುವಾರ ಬಂದಿತ್ತಲ್ಲ.

ಜೂನ್ ಬಂತು. ಆನ್ಸಿಯನ್ನು ಶಿಕಾರಿಪುರದಲ್ಲೇ ಒಂದನೆಯ ತರಗತಿಗೆ ಸೇರಿಸಿದೆವು. ಜರೀನಾ ಅವಳಿಗೆ ಸಮವಸ್ತ್ರ ಹೊಲಿದಳು, ಮುಂದಿನ ವರ್ಷಕ್ಕೂ ಆಗಲೆಂದು ಮೊಣಕಾಲಿನ ಕೆಳಗೆ ಬರುವಷ್ಟು ಉದ್ದ. ಮೊದಲ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ಆನ್ಸಿ ಜರೀನಾಳ ಕೈ ಹಿಡಿದು ನಮ್ಮ ಹೊಸಿಲ ಆಚೆ ನಿಂತಳು. ಅಮ್ಮನಿಗೆ ಹೋಗಿಬರ್ತೀನಿ ಅನ್ನು ಅಂದಳು ಜರೀನಾ. ಆನ್ಸಿ ಹೊಸ ಬೂಟನ್ನು ನೋಡುತ್ತ ನಿಂತಳು.

ಕುರ್ಚಿಯಿಂದ ಸ್ಟೆಲ್ಲಾ, "ಬಾ ಇಲ್ಲಿ" ಅಂದಳು.

ನಾನು ಒಲೆಯ ಮುಂದಿನಿಂದ ಎದ್ದು ಬಂದೆ. ಹಿಂದಿನ ವಾರವಷ್ಟೇ ಅವಳ ಕೈ ಜಾಡಿಸಿ ಬಿಸಿ ಗಂಜಿಯ ತಟ್ಟೆ ನೆಲಕ್ಕೆ ಬಿದ್ದಿತ್ತು. ಮಗು ಹತ್ತಿರ ಹೋದಾಗ ಆ ಕೈ ಏನು ಮಾಡುತ್ತದೋ. ಇನ್ನೊಮ್ಮೆ 'ಯಾರ ಮನೆ ಹುಡುಗಿ' ಅಂದುಬಿಟ್ಟರೆ ಈ ಮಗು ಮತ್ತೆಂದಾದರೂ ಈ ಹೊಸಿಲಿಗೆ ಬರುತ್ತದೆಯೇ. ತಡೆಯಬೇಕು ಅನ್ನಿಸುವಷ್ಟರಲ್ಲಿ ಜರೀನಾ ಆನ್ಸಿಯ ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟು ಮುಂದಕ್ಕೆ ಬಿಟ್ಟಳು.

ಆನ್ಸಿ ಹೋಗಿ ಕುರ್ಚಿಯ ಮುಂದೆ ನಿಂತಳು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಸ್ಟೆಲ್ಲಾಳ ಬಲಗೈ ಎದ್ದಿತು. ನಡುಗುತ್ತಿತ್ತು. ಬೆರಳೆಲ್ಲ ಮಡಚಿ ಹೆಬ್ಬೆರಳೊಂದು ಮುಂದೆ ಬಂತು. ಅದು ಮಗುವಿನ ಹಣೆಯ ಮೇಲೆ ಕೂತು ಮೇಲಿನಿಂದ ಕೆಳಗೆ ಒಂದು ಗೀಟು ಎಳೆಯಿತು, ನಿಂತಿತು. ಹೊರಗೆ ಸೂರಿನಿಂದ ನೀರು ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲ. ಹೆಬ್ಬೆರಳು ಎದ್ದು ಎಡಕ್ಕೆ ಹೋಗಿ ಕೂತು, ಅಲ್ಲಿಂದ ಬಲಕ್ಕೆ, ಸೊಟ್ಟಸೊಟ್ಟಗೆ, ಹುಬ್ಬಿನ ಮೇಲೆ ಹಾದು, ಕೊನೆಯವರೆಗೆ ಹೋಯಿತು.

"ಛತ್ರಿ ಎಲ್ಲಿ ಆನ್ಸಿ?" ಅಂದಳು ನಿಮ್ಮಮ್ಮ.

ಆನ್ಸಿ ಕಣ್ಣು ಬಿಟ್ಟಳು. ಜರೀನಾ ಬಾಗಿಲ ಚೌಕಟ್ಟಿಗೆ ಮುಖ ಒತ್ತಿಕೊಂಡು ಅತ್ತಳು. ನಾನು ಛತ್ರಿ ಹುಡುಕಲು ಒಳಗೆ ಹೋದೆ, ಅದು ಕಣ್ಣೆದುರು ಮೊಳೆಗೆ ನೇತಾಡುತ್ತಿದ್ದರೂ ತುಂಬ ಹೊತ್ತು ಕಾಣಲಿಲ್ಲ.

ತನಗೆ ತಾನೇ ಪೂರ್ತಿ ಗುರುತು ಹಾಕಿಕೊಳ್ಳಲು ಅವಳಿಗೆ ಇನ್ನೂ ಎಷ್ಟೋ ದಿನ ಬೇಕಾಯಿತು. ಮಗಳಿಗೆ ಹಾಕಲು ಮೊದಲು ಬಂತು, ತನಗೆ ಆಮೇಲೆ. ಯಾಕೆ ಹಾಗೆ ಅಂತ ನಾನು ಯಾರನ್ನೂ ಕೇಳಲಿಲ್ಲ. ಈಗ ನಿಮ್ಮಮ್ಮ ಹೇಗಿದ್ದಾಳೆ ಅಂತ ನೀವೇ ದಿನಾ ನೋಡುತ್ತೀರಿ, ಅವಳ ಬೈಗುಳವನ್ನೂ ತಿನ್ನುತ್ತೀರಿ. ತುಂಬಿದ ಕೊಡ ಎತ್ತುವಾಗ ಬಲಗೈ ಇನ್ನೂ ಒಂದಿಷ್ಟು ನಡುಗುತ್ತದೆ. ನೀವು ಅದನ್ನು ನೋಡಿ ನಗುತ್ತೀರಿ, ಅವಳೂ ನಗುತ್ತಾಳೆ. ನಾನು ಬೇರೆ ಕಡೆ ನೋಡುತ್ತೇನೆ.

ಹೆದರಿಕೆ ಪೂರ್ತಿ ಹೋಗಿಲ್ಲ ಮಕ್ಕಳೇ. ಕಾಡು ಅಲ್ಲೇ ಇದೆ, ಎಣ್ಣೆಯ ಬಾಟಲಿ ಮತ್ತೆ ಬಂದಿದೆ. ಎಲೆ ತರಲು ಯಾರೂ ಹೋಗಬೇಡಿ, ಹೋದರೂ ಎಣ್ಣೆ ಹಚ್ಚಿಕೊಳ್ಳದೆ ಹೋಗಬೇಡಿ. ಜೋಯಲ್, ನೀನು ಗುರುತು ಹಾಕುವುದು ನೊಣ ಓಡಿಸಿದ ಹಾಗೆ ಇರುತ್ತದೆ, ಅದಕ್ಕೆ ನಾನು ಬೈಯುವುದಿಲ್ಲ. ಬೇಗ ಬೇಕಾದರೂ ಹಾಕು. ಹಿಂದಿನ ಬೆಂಚಿನವರು ನಕ್ಕರೆ ನಗಲಿ. ನಿನ್ನ ಕೈ ಬಲ ಹೆಗಲು ಮುಟ್ಟಿದ ಮೇಲೆ ನಾನೇ ಕಣ್ಣು ತೆಗೆಯುತ್ತೇನೆ.